ಜಾಲಹಳ್ಳಿಯ ಮಾತು, ಮಾನ್ವಿಯ ಮಾಸ್ತರ

ರಾಯಚೂರು ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮಾನ್ವಿ ಬಸ್ಸು ಹತ್ತಿದೆ. ನಮಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಜಗಳಾಡಿಯೇ ಗಿಟ್ಟಿಸಬೇಕು. ಬೆಳಿಗ್ಗೆಯೇ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ನಾನು ಅಪ್ಪನನ್ನು ನೆನೆದೇ ಬೆವರುತ್ತಿದ್ದೆ. ಎಂ.ಎ. ಮುಗಿಯಲು ಬಂದಿತ್ತು. ಆಮೇಲೆ ಬಿ.ಎಡ್., ಆಮೇಲೆ ಸರ್ಕಾರಿ ಶಾಲೆ ಎಂದು ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿತ್ತು. ನಾನೋ, ಯಾರಿಗೂ ಹೇಳದೆ ಒಂದು ನಾಟಕ ತಂಡದವರ ಮುಂದೆ ಹಾರ್ಮೋನಿಯಂ ನುಡಿಸಿ, ಸಂಗೀತ ತರಬೇತಿಗೆ ಆಯ್ಕೆಯಾಗಿ ಕೂತಿದ್ದೆ. ಬರುತ್ತೇನೋ ಇಲ್ಲವೋ ಎಂದು ಸೋಮವಾರದೊಳಗೆ ಅವರಿಗೆ ಹೇಳಬೇಕಿತ್ತು.

ಮಾನ್ವಿಯ ರೈಸ್ ಮಿಲ್ಲಿನಲ್ಲಿ ಅಪ್ಪ ಹಮಾಲಿ. ನನ್ನನ್ನು ಕಂಡು ಚೀಲ ಇಳಿಸಿ, ನಮ್ಮ ಮಾಸ್ತರ ಬಂದಾಳ ನೋಡ್ರಿ ಎಂದು ಜೊತೆಯವರಿಗೆಲ್ಲ ತೋರಿಸಿದ. ನಾನು ಚಿಕ್ಕವಳಿದ್ದಾಗ, ಇಕಿ ಮಾಸ್ತರ ಆಗ್ತಾಳ ಎಂದು ಜಾಲಹಳ್ಳಿಯ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹೇಳಿದ್ದನಂತೆ. ಆ ಮಾತು ಹಿಡಿದೇ ಅಪ್ಪ ಇಷ್ಟು ವರ್ಷ ಚೀಲ ಹೊತ್ತಿದ್ದಾನೆ. ಚಹಾ ಕುಡಿಯುತ್ತ ವಿಷಯ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ಮುತ್ಯಾನ ಮುಂದ ಹೋಗಿ ಹೇಳು. ಅವ ಹ್ಞೂಂ ಅಂದ್ರ ನಂದೇನೂ ಇಲ್ಲ."

ಸಿರವಾರ ದಾಟಿ ದೇವದುರ್ಗದ ಬಸ್ಸು ಸಾಗಿದಂತೆ ಕಾಲುವೆಯ ಭತ್ತ ಹಿಂದಾಗಿ, ಒಣಹೊಲಗಳು ಶುರುವಾದವು. ಪಕ್ಕದಲ್ಲಿ ಕೂತ ಹೆಂಗಸು ಪುಣೆಗೆ ದುಡಿಯಲು ಹೋಗಿ ಬಂದವಳು. ನಾನು ಓದುತ್ತಿದ್ದೇನೆಂದು ತಿಳಿದು, ನೌಕರಿ ಹಿಡಿ ಯವ್ವಾ, ಊರು ಬಿಡೋದು ತಪ್ಪತದ ಎಂದಳು. ಮನಸ್ಸು ಇನ್ನಷ್ಟು ಕುಗ್ಗಿತು.

ದೇವದುರ್ಗದಲ್ಲಿ ಬಸ್ಸು ಬದಲಿಸಿ ಜಾಲಹಳ್ಳಿ ತಲುಪಿದಾಗ ಮುತ್ಯಾ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಒಂದು ಕಾಲದಲ್ಲಿ ಬಯಲಾಟದಲ್ಲಿ ಭೀಮನ ಪಾತ್ರ ಕಟ್ಟಿದವನು. ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದೆ: ನೀ ಹೇಳಿದಂತೆ ಮಾಸ್ತರ ಆಗುವುದಿಲ್ಲ, ಪೇಟಿ ನುಡಿಸುತ್ತೇನೆ ಎಂದೆ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ.

ಮುತ್ಯಾ ಶೇಂಗಾ ಬಿಟ್ಟು ನನ್ನನ್ನೇ ನೋಡಿದ.

"ಸಾಲಿ ಕಲಿಸೋ ಹೆಣ್ಮಗಳಿಗೆ ಏನಂತಾರ ಬೇ?"

"ಅಕ್ಕೋರು."

"ಮತ್ತ ನಾ ಅಕ್ಕೋರು ಆಗ್ತಾಳ ಅಂದಿದ್ನೇನು? ಮಾಸ್ತರ ಅಂದಿದ್ನಿ. ಪೇಟಿ ಮಾಸ್ತರ!"

ಪೇಟಿ ನುಡಿಸಿ ಬಯಲಾಟ ಕಲಿಸುವವನಿಗೂ ನಮ್ಮೂರಲ್ಲಿ ಮಾಸ್ತರ ಎಂದೇ ಹೆಸರು. ಚಿಕ್ಕವಳಿದ್ದಾಗ ಮುತ್ಯಾನ ಹಾಡಿಗೆ ಪೇಟಿಯಲ್ಲಿ ಸರಿಯಾದ ಸುರ ಹಿಡಿದು ಕೊಟ್ಟಿದ್ದೆನಂತೆ, ಅದಕ್ಕೇ ಹಾಗೆಂದನಂತೆ. ಚೀಲ ಹೊರುವ ಅಪ್ಪನಿಗೆ ಸಂಬಳದ ಮಾಸ್ತರನನ್ನು ಬಿಟ್ಟು ಬೇರೆ ಮಾಸ್ತರ ಹೊಳೆಯುವುದಾದರೂ ಹೇಗೆ? ಎಂ.ಎ. ಅರ್ಧಕ್ಕೆ ಬಿಟ್ಟರೆ ಪೇಟಿ ಮುಟ್ಟಗೊಡುವುದಿಲ್ಲ ಎಂದೂ ಮುತ್ಯಾ ಗದರಿಸಿದ. ಬಿಡುವುದಿಲ್ಲ ಎಂದೆ. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ರೊಟ್ಟಿ ತಿಂದೆ.

ಮರಳುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬ ಹಿಡಿದು ನಿಂತೇ ಅಪ್ಪನಿಗೆ ಫೋನು ಮಾಡಿ, ಮುತ್ಯಾ ಹೇಳಿದ್ದನ್ನೆಲ್ಲ ಹೇಳಿದೆ. ಮಿಲ್ಲಿನ ಸದ್ದಿನ ನಡುವೆ ಅಪ್ಪ ದನಿ ಏರಿಸಿ ಕೇಳಿದ.

"ಹಂಗಾರ, ಇಲ್ಲಿ ಎಲ್ಲಾರ ಮುಂದ ಮಗಳು ಮಾಸ್ತರ ಆಗ್ತಾಳ ಅಂತ ಹೇಳೀನಲ್ಲ, ಅದು ಸುಳ್ಳಾಗಂಗಿಲ್ಲ, ಹೌದಿಲ್ಲೋ?"

"ಆಗಂಗಿಲ್ಲ ಯಪ್ಪಾ" ಎಂದೆ.