ನಾನು ನೆಟ್ಟಗೆ ಮಾಡಿದ ಓಣಿ

ಕೀಬೋರ್ಡ್ ಕೆಟ್ಟಿತ್ತು. ಬಂಗಾರಪೇಟೆಯ ನನ್ನ ಪುಟ್ಟ ಅಂಗಡಿಯಲ್ಲಿ ನಕ್ಷೆ ಬರೆದುಕೊಡುವುದೇ ಕಸುಬಾದ್ದರಿಂದ ಅದಿಲ್ಲದೆ ಕೈ ಕಟ್ಟಿಹಾಕಿದಂತೆ. ಹೊಸದನ್ನು ಜೋಡಿಸಿ ಹಳೆಯದನ್ನು ಎಸೆಯಲು ಎತ್ತಿಕೊಂಡಾಗ ಕಂಡಿತು, ಮೇಲಿನ ಸಾಲಿನಲ್ಲಿ ಎಫ್ ಎಂಟು ಎಂಬ ಒಂದು ಗುಂಡಿಯ ಅಕ್ಷರ ಮಾತ್ರ ಸವೆದು ಬೋಳಾಗಿದೆ. ಮೈಯೆಲ್ಲ ಉರಿಯಿತು. ಆ ಗುಂಡಿ ಒತ್ತಲು ಕಲಿಸಿದವರು ಮೇಷ್ಟ್ರು. ಯಾವಾಗ ಒತ್ತಬಾರದು ಎಂದು ಬಡಕೊಂಡವರೂ ಅವರೇ...

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿಯ ನಕ್ಷೆ ಬರೆಯುತ್ತಿದ್ದವರು. ಗಣಿ ನಿಂತ ಮೇಲೆ ತಾವೇ ಕಂಪ್ಯೂಟರ್ ಕಲಿತು, ಆಂಡರ್ಸನ್‌ಪೇಟೆಯ ಒಂದು ಓಣಿಯಲ್ಲಿದ್ದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ನಮ್ಮಂಥವರಿಗೆ ಹೇಳಿಕೊಡುತ್ತಿದ್ದರು. ನಾನು ಕಾಮಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೋಣೆಯ ಅಗಲ ಎಂಟೇ ಅಡಿ. ಕುರ್ಚಿ ಹಿಂದಕ್ಕೆ ಎಳೆದರೆ ಗೋಡೆಗೆ ಬಡಿಯುತ್ತಿತ್ತು.

ಎಫ್ ಎಂಟು ಹಾಕಿದರೆ ಗೆರೆ ಅಡ್ಡಕ್ಕೋ ಉದ್ದಕ್ಕೋ ಮಾತ್ರ ಓಡುತ್ತದೆ. ಕೈ ನಡುಗಿದರೂ ಕೂದಲೆಳೆಯಷ್ಟು ಓರೆಯಾಗುವುದಿಲ್ಲ. ನಮಗೆಲ್ಲ ಅದೆಂದರೆ ಪ್ರಾಣ. ಅವರು ಮಾತ್ರ ಮೊದಲು ಕೈಗೆ ಟೇಪು ಕೊಟ್ಟು ಹೊರಗೆ ಅಟ್ಟುತ್ತಿದ್ದರು. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಎದುರು ಮೂಲೆಗೂ ಟೇಪು ಹಿಡಿಯಬೇಕು. ಜಾಗ ಓರೆ ಇದ್ದರೆ ಆ ಕೋನ ಕೊಟ್ಟು ಪರದೆಯ ಅಡ್ಡ-ಉದ್ದವನ್ನೇ ತಿರುಗಿಸಿಕೊಳ್ಳಬೇಕು, ಆಮೇಲೆ ಗುಂಡಿ.

“ಅದು ಕುರ್ಡು ಕಣಮ್ಮಾ. ಜಾಗ ಎಂಗೈತೆ ಅಂತ ಅದುಕ್ಕೇನ್ ಗೊತ್ತು? ನೀನ್ ಓಗಿ ನೋಡ್ಬೇಕು,” ಎನ್ನುತ್ತಿದ್ದರು.

ಕಲಿತು ಮುಗಿಸಿ ಬಂಗಾರಪೇಟೆಯ ಒಂದು ನಕ್ಷೆ ಆಫೀಸು ಸೇರಿದೆ. ಅಲ್ಲಿಗೆ ನಗರಸಭೆಯಿಂದ ಆಂಡರ್ಸನ್‌ಪೇಟೆಯ ಓಣಿಗಳ ನಕ್ಷೆ ಬರೆಯುವ ಗುತ್ತಿಗೆ ಬಂತು. ಅಳೆದವರು ಕಳಿಸಿದ ಹಾಳೆಗಳಲ್ಲಿ ಓಣಿಗೆ ನಂಬರು ಮಾತ್ರ, ಹೆಸರಿಲ್ಲ. ಒಂದು ಹಾಳೆಯಲ್ಲಿ ಓಣಿಯ ಅಗಲ ಮೇಲಿನ ತುದಿಗೆ ಹದಿನಾರು ಅಡಿ, ಕೆಳಗಿನ ತುದಿಗೆ ಹನ್ನೆರಡು ಎಂದಿತ್ತು. ನಾನು ಮೇಲೆ ಹದಿನಾರು ಗುರುತಿಟ್ಟು, ಎಫ್ ಎಂಟು ಹಾಕಿ, ಕೆಳಗಿನವರೆಗೆ ಒಂದೇ ಗೆರೆ ಎಳೆದೆ. ಕೆಳಗಿನ ಹನ್ನೆರಡು ಕೂಡಲಿಲ್ಲ. ಆಫೀಸಿನ ಯಜಮಾನರಿಗೆ ತೋರಿಸಿದೆ.

“ಬರ್ಕೊಂಡ್ ಬಂದೋನು ತಪ್ ಬರ್ದವ್ನೆ ಬುಡಮ್ಮಾ. ಗೆರೆ ನೆಟ್ಟಗೈತಲ್ಲ, ಪ್ರಿಂಟ್ ಒಡಿ,” ಎಂದರು.

ಹೊಡೆದೆ. ಬಸ್ಸು ಹತ್ತಿದ್ದರೆ ಅರ್ಧ ಗಂಟೆಯ ದಾರಿ. ಟೇಪು ಬ್ಯಾಗಿನಲ್ಲೇ ಇತ್ತು. ಹೋಗಲಿಲ್ಲ. ಯಾವ ರೋಗ ಬಡಿದಿತ್ತು ನನಗೆ?

ಕೆಲವು ತಿಂಗಳ ನಂತರ ಮೇಷ್ಟ್ರು ಆಫೀಸಿಗೆ ಬಂದರು. ಕೈಯಲ್ಲಿ ಒತ್ತುವರಿ ನೋಟೀಸು, ಜೊತೆಗೆ ಆ ನಕ್ಷೆ. ಬರೆದವರ ಜಾಗದಲ್ಲಿ ನನ್ನ ಹೆಸರು. ಓಣಿ ಅವರದೇ. ಆರು ತಿಂಗಳು ದಿನವೂ ನಾನು ನಡೆದ ಓಣಿ! ಆ ಮನೆಸಾಲು ಕಟ್ಟಿದಾಗಿನಿಂದಲೂ ಓರೆ. ಕೆಳಕ್ಕೆ ಹೋದಂತೆ ಓಣಿ ಕಿರಿದಾಗುತ್ತದೆ. ನಾನು ಅದನ್ನು ನೆಟ್ಟಗೆ ಮಾಡಿದ್ದೆ. ಮೇಲಿನ ಮನೆಗಳವರಿಗೆ ಮೆಟ್ಟಿಲು, ಜಗಲಿ ಹೋಗುವುದಿತ್ತು. ಕೊನೆಯ ಮನೆ ಮೇಷ್ಟ್ರದು. ನನ್ನ ಗೆರೆ ಅವರ ಪಾಠದ ಕೋಣೆಯೊಳಕ್ಕೆ ನಾಲ್ಕಡಿ ನುಗ್ಗಿತ್ತು.

“ಓಗಿ ನೋಡಿದ್ಯೇನಮ್ಮಾ?” ಎಂದು ಕೇಳಿದರು. ಅಷ್ಟೇ.

ಪಕ್ಕದಲ್ಲೇ ಯಜಮಾನರು ಕೂತಿದ್ದರು. ಕೆಲಸ ಹೋದರೆ ಮನೆಯವರು ಮತ್ತೆ ಬಸ್ಸು ಹತ್ತಲು ಬಿಡುವುದಿಲ್ಲ ಎಂಬ ಭಯ ನನಗೆ. “ಬಂದಿದ್ ಅಳತೇನೇ ಆಕಿರೋದು ಸಾರ್,” ಎಂದುಬಿಟ್ಟೆ. ಹಸಿ ಸುಳ್ಳು! ಹನ್ನೆರಡು ಎಂದು ಬರೆದಿದ್ದ ಹಾಳೆ ನನ್ನ ಮೇಜಿನ ಖಾನೆಯಲ್ಲಿತ್ತು. ಅದನ್ನು ತೆಗೆದು ಅವರ ಕೈಗೆ ಕೊಟ್ಟಿದ್ದರೆ ಕೋಣೆ ಉಳಿಯುತ್ತಿತ್ತು.

ಅವರು ಬೈಯಬೇಕಿತ್ತು. ಕೆನ್ನೆಗೆ ಬಾರಿಸಬೇಕಿತ್ತು. ಸುಮ್ಮನೆ ನಕ್ಷೆ ಮಡಚಿಕೊಂಡು ಹೊರಟರು. ಆ ತಾಳ್ಮೆಯ ಮೇಲೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆಮೇಲೆ ಕಚೇರಿ ಕಚೇರಿ ಅಲೆದರಂತೆ. ಬಂದು ಅಳೆದು ನೋಡಿ ಎಂದರೆ, ನಕ್ಷೆ ಇದೆಯಲ್ಲ ಎಂದು ಅಟ್ಟಿದರಂತೆ. ಕುರ್ಚಿ ಬಿಟ್ಟು ಏಳಲಾರದ ಮುಂಡೇವುಗಳು! ಎಂದು ಬೈಯುತ್ತೇನೆ, ಬೈದು ನಾಲಿಗೆ ಕಚ್ಚಿಕೊಳ್ಳುತ್ತೇನೆ. ನಾನೇನು ಎದ್ದು ಹೋಗಿದ್ದೆನೇ?

ಗೋಡೆ ಒಡೆದರು. ಉಳಿದ ನಾಲ್ಕಡಿಯಲ್ಲಿ ಕಂಪ್ಯೂಟರ್ ಇಡಲಾಗದೆ ಪಾಠ ನಿಂತಿತು. ಎರಡು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ನಾನು ಮಣ್ಣಿಗೂ ಹೋಗಲಿಲ್ಲ... ಯಾವ ಮುಖ ಹೊತ್ತುಕೊಂಡು ಹೋಗಲಿ?

ಹೋದ ತಿಂಗಳು ಅದೇ ಓಣಿಗೆ ಚರಂಡಿ ಮಾಡಬೇಕು, ನಕ್ಷೆ ಬರೆದುಕೊಡಿ ಎಂದು ನಗರಸಭೆಯವರು ನನ್ನ ಅಂಗಡಿಗೇ ಬಂದರು. ಈ ಸಲ ನಾನೇ ಹೋದೆ. ಈಗಲಾದರೂ ಇದ್ದದ್ದನ್ನು ಇದ್ದಂತೆ ಬರೆಯೋಣ ಎಂದುಕೊಂಡು... ಮೇಲಿನ ತುದಿಗೆ ಟೇಪು ಹಿಡಿದೆ. ಹದಿನಾರು. ಕೆಳಗಿನ ತುದಿಗೆ ಹಿಡಿದೆ, ನಂಬಿಕೆ ಬಾರದೆ ಮೂರು ಸಲ ಹಿಡಿದೆ. ಹದಿನಾರು. ಅವರ ಕೋಣೆಯಿದ್ದಲ್ಲಿ ಆಟೋ ನಿಂತಿತ್ತು. ನಾನು ಬರೆದ ನಕ್ಷೆಯಲ್ಲಿ ಈಗ ಒಂದಂಗುಲವೂ ತಪ್ಪಿಲ್ಲ, ಯಾರು ಬೇಕಾದರೂ ಬಂದು ಅಳೆದುಕೊಳ್ಳಲಿ. ಥೂ, ನನ್ನ ಜನ್ಮಕ್ಕಿಷ್ಟು...