ಗ್ರಹಣದ ಹೊತ್ತಿನ ನೀರು

ನಿನ್ನೆ ಇಲ್ಲಿ ಬರೆಯುತ್ತಿದ್ದ ಅವ್ವನ ಮಾತು ಅರ್ಧಕ್ಕೇ ನಿಂತಿತ್ತಲ್ಲ. ಇವತ್ತು ಚಂದ್ರಗ್ರಹಣ, ಪಕ್ಕದ ಮನೆಯಾಕೆ ನೀರಿನ ಕೊಡಕ್ಕೆ ಗರಿಕೆ ಹಾಕುವುದನ್ನು ಕಂಡೆ, ಉಳಿದರ್ಧ ನೆನಪಾಯಿತು.

ನಮ್ಮೂರು ಹಿರೇಗುಂಟನೂರಿನಲ್ಲಿ ಅಂಥದ್ದೇ ಒಂದು ಗ್ರಹಣದ ಸಂಜೆ, ಬಸುರಿ ಅವ್ವನನ್ನು ಅಜ್ಜಿ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದಳು. “ಗಂಟ್ಲು ಒಣಗ್ತೈತಪ್ಪಾ” ಎಂದಳು ಅವ್ವ. ಆಗಿನ್ನೂ ಸಣ್ಣವನಿದ್ದ ನಾನು ಕದ್ದು ಒಂದು ಚೊಂಬು ನೀರು ಕೊಟ್ಟೆ.

ಮುಂದಿನ ತಿಂಗಳು ಕೂಸು ಸತ್ತೇ ಹುಟ್ಟಿತು. ಕೋಣೆಯಲ್ಲಿ ಚೊಂಬು ಕಂಡಿದ್ದ ಅಜ್ಜಿ, “ಗ್ರಾಣದಾಗೆ ನೀರು ಕೊಟ್ಟೋರ್ಯಾರೇ?” ಎಂದು ಗದರಿದಳು.

“ನಾನೇ ಎದ್ದು ಕುಡ್ದೆ ಅತ್ತೆ” ಎಂದಳು ಅವ್ವ. ಆಮೇಲೆ ವರ್ಷಗಟ್ಟಲೆ ಬೈಸಿಕೊಂಡಳು.

ಮುಂದೆ ಕಾಲೇಜಿನಲ್ಲಿ ಮೇಷ್ಟ್ರು ಗ್ರಹಣದ ಪಾಠ ಮಾಡುತ್ತ “ಓನ್ಲಿ ಅರ್ಥ್ಸ್ ಶ್ಯಾಡೋ” ಎಂದೇನೋ ಹೇಳಿದ ದಿನವೇ ಊರಿಗೆ ಓಡಿದೆ. “ಚಂದ್ರನ ಮ್ಯಾಲೆ ಬೀಳೋದು ಭೂಮಿ ನೆರಳು ಕಣವ್ವ. ನೀರಿಂದ ಏನೂ ಆಗಲ್ಲ.”

ಅವ್ವ ಉಸಿರು ಬಿಟ್ಟಳು. “ಹಂಗಾರೆ ನಿಂದೇನೂ ತಪ್ಪಿಲ್ಲ ಬಿಡಪ್ಪಾ.”

ಅಷ್ಟು ವರ್ಷ, ನೀರು ಕೊಟ್ಟ ಮಗನದೇ ತಪ್ಪೆಂದು ನಂಬಿಯೂ ನನ್ನ ಬದಲು ತಾನು ಬೈಸಿಕೊಂಡಿದ್ದಳು. ತೀರಿಹೋದ ನನ್ನ ಹೆಂಡತಿಗೂ ಇದನ್ನು ಹೇಳಿರಲಿಲ್ಲ. ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ.