ನಮ್ಮೂರಿನ ಕಡಲು, ಎರಡನೆಯ ಸಲ

ಮಣಿಪಾಲದ ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದಾಗ ಕನ್ನಡದ ಮೇಡಂ ‘ನಮ್ಮೂರು’ ಎಂಬ ಪ್ರಬಂಧ ಬರೆಯಲು ಹೇಳಿದರು. ಕಾಪುವಿನವಳಿಗೆ ಅದೇನು ಕಷ್ಟ? ದೀಪಸ್ತಂಭ, ಬಂಡೆ, ಸೂರ್ಯಾಸ್ತ, ಹಾಡುವ ಅಲೆಗಳು ಎಲ್ಲವನ್ನೂ ಸೇರಿಸಿ ಒಂದೇ ಉಸಿರಿಗೆ ಬರೆದು ಕೊಟ್ಟೆ. ಅದು ಹಿಂದೆ ಬಂದಾಗ ಕೊನೆಯ ಪುಟದಲ್ಲಿ ಪೆನ್ಸಿಲಿನ ಅಕ್ಷರಗಳಿದ್ದವು: ‘ಭಾಷೆ ಚೆನ್ನಾಗಿದೆ. ಆದರೆ ಇದು ಒಂದು ದಿನ ನೋಡಿ ಹೋಗುವವರ ಕಡಲು. ನಿಮ್ಮ ಮನೆಯವರ ಕಡಲು ಯಾವುದು? ಮತ್ತೆ ಬರೆ.’

ಭಾಷಣಕ್ಕೂ ಪ್ರಬಂಧಕ್ಕೂ ಬಹುಮಾನ ತೆಗೆದುಕೊಂಡು ಅಭ್ಯಾಸವಾಗಿದ್ದ ನನಗೆ ಮೈ ಉರಿಯಿತು. ಉಡುಪಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಪುವಿನ ಬಸ್ಸು ಬಂದು ನಿಂತರೂ ಹತ್ತಲಿಲ್ಲ. ಅದು ಹೋದ ಮೇಲೆ ಯಾಕೆ ಹತ್ತಲಿಲ್ಲ ಎಂದು ನನ್ನ ಮೇಲೆಯೇ ಸಿಟ್ಟಾದೆ. ಮನೆಗೆ ಬಂದು ‘ಹಾಡುವ’ ಎಂಬುದನ್ನು ಹೊಡೆದುಹಾಕಿ ‘ಮೊರೆಯುವ’ ಎಂದು ಬರೆದೆ. ಮತ್ತೆ ಹೊಡೆದುಹಾಕಿದೆ.

ತೊಂದರೆ ಏನೆಂದರೆ ನಮ್ಮ ಮನೆಯಲ್ಲಿ ಕಡಲಿನ ಮಾತೇ ಬರುತ್ತಿರಲಿಲ್ಲ. ನಾನು ಸಣ್ಣವಳಿದ್ದಾಗ ಅಮ್ಮನ ತಮ್ಮ ತನ್ನ ಗೆಳೆಯನ ಜೊತೆ ಮೀನಿಗೆ ಹೋದ ದೋಣಿ ಮಗುಚಿತ್ತು. ಮಾವ ಮರಳಿ ಬಂದರು, ಗೆಳೆಯ ಬರಲಿಲ್ಲ. ಮಾವ ಕಾರ್ಕಳಕ್ಕೆ ಹೋಗಿ ಚಪ್ಪಲಿ ಅಂಗಡಿ ಇಟ್ಟರು. ನಮ್ಮಲ್ಲಿಗೆ ಬಂದರೂ ಕಡಲು ಕಾಣುವ ಹಿತ್ತಿಲಿಗೆ ಕಾಲಿಡುತ್ತಿರಲಿಲ್ಲ.

“ಮಾವನ ಬಗ್ಗೆ ಬರೆಯಲಾ?” ಎಂದು ಅಮ್ಮನನ್ನು ಕೇಳಿದೆ.

ಅಮ್ಮ ಮೀನು ಕೊಯ್ಯುವುದನ್ನು ನಿಲ್ಲಿಸಿದರು. “ಮಾರ್ಕಿಗಾಗಿ ಅದನ್ನೆಲ್ಲ ಬರೆಯುವುದು ಎಂತಕ್ಕೆ? ನಿನಗೆ ಬೇರೆ ಎಂತದೂ ಸಿಗ್ಲಿಲ್ವಾ?”

ಆ ವಾರ ಪೂರ್ತಿ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಭಾನುವಾರ ಅಮ್ಮನಿಗೆ ಹೇಳಿಯೇ ಮಾವನ ಅಂಗಡಿಗೆ ಹೊರಟೆ. ಅವರು ಬೇಡವೆನ್ನಲೂ ಇಲ್ಲ, ಆಗಲಿ ಎನ್ನಲೂ ಇಲ್ಲ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿದೆ. ಅಲ್ಲಿಂದ ಕಾರ್ಕಳದವರೆಗೂ, ಇಳಿದು ಹಿಂದಿರುಗಿದರೆ ಹೇಗೆ ಎಂದು ಪ್ರತಿ ನಿಲ್ದಾಣದಲ್ಲೂ ಅನಿಸಿತು.

ಮಾವ ಅಂಗಡಿಯ ಸ್ಟೂಲು ನನ್ನ ಕಡೆಗೆ ತಳ್ಳಿ, ಪ್ರಬಂಧ ತೆಗೆದುಕೊಂಡು ಮೆಲ್ಲನೆ ಓದಿದರು. “ಲಾಯ್ಕ ಉಂಟಲ್ಲ, ಮತ್ತೆಂತ?” ಎಂದರು. ಮೇಡಂ ಬರೆದದ್ದನ್ನು ತೋರಿಸಿದೆ. ಅದನ್ನೂ ಓದಿದರು. ಗಿರಾಕಿಯೊಬ್ಬರು ಬಂದು ಚಪ್ಪಲಿ ನೋಡಿ, ಕೊಳ್ಳದೆ ಹೋದರು.

“ಇಲ್ಲಿ ರಾತ್ರಿ ಸದ್ದೇ ಇಲ್ಲ ಮಗಾ,” ಎಂದರು ಆಮೇಲೆ. “ಮಲಗಿದರೆ ನಿದ್ರೆ ಬರುವುದಿಲ್ಲ. ಚಳಿಯಲ್ಲಿಯೂ ಫ್ಯಾನ್ ಜೋರು ಇಡುತ್ತೇನೆ. ನಿನ್ನ ಅತ್ತೆ ಬಯ್ಯುತ್ತಾಳೆ. ಅದರ ಸದ್ದು ಸ್ವಲ್ಪ ಕಡಲಿನ ಹಾಗೆ ಕೇಳ್ತದೆ, ಅಲ್ವಾ?”

ಕಡಲಿಗೆ ಹೆದರಿ ಓಡಿಹೋದವರು ಎಂದೇ ನಾನು ಅವರನ್ನು ತಿಳಿದುಕೊಂಡಿದ್ದೆ. ಅಂದು ಅವರು ದೋಣಿಯ ಬಗ್ಗೆ, ಇಬ್ಬರೂ ಒಂದೇ ಹಲಗೆ ಹಿಡಿದು ತೇಲಿದ ಬಗ್ಗೆ, ಗೆಳೆಯ ಕೊನೆಗೆ ಆಡಿದ ಮಾತಿನ ಬಗ್ಗೆ ಹೇಳಿದರು. ನಾನು ಪೆನ್ನು ಹೊರಗೆ ತೆಗೆಯಲಿಲ್ಲ.

ಹೊಸದಾಗಿ ಬರೆದದ್ದನ್ನು ಫೋನಿನಲ್ಲಿ ಮಾವನಿಗೆ ಓದಿದೆ. ಮುಗಿದ ಮೇಲೆ ಅವರು ಹೇಳಿದರು:

“ಅವನ ಕೊನೆಯ ಮಾತು ಮಾತ್ರ ತೆಗಿ. ಅವನ ಅಮ್ಮನಿಗೆ ಕೂಡ ನಾನು ಹೇಳಿದ್ದಿಲ್ಲ. ಬಾಕಿ ಇರಲಿ.”

ಪ್ರಬಂಧದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಲು ಅದೇ. ತೆಗೆದೆ. ಅಲ್ಲೊಂದು ಕುಳಿ ಬಿದ್ದ ಹಾಗಾಯಿತು. ಬೇರೆ ಏನೇನೋ ತುಂಬಿಸಿ ನೋಡಿದೆ, ಎಲ್ಲವೂ ಸುಳ್ಳೆನಿಸಿ ಖಾಲಿ ಬಿಟ್ಟೆ. ಕೊಡುವ ಮೊದಲು ಅಮ್ಮನ ಮುಂದಿಟ್ಟೆ. ಫ್ಯಾನಿನ ವಿಷಯ ಅವರಿಗೂ ಗೊತ್ತಿರಲಿಲ್ಲ. ಓದಿ ಮುಗಿಸಿ ತಮ್ಮನಿಗೆ ಫೋನು ಮಾಡಿದರು. ಬಹಳ ಹೊತ್ತು ತುಳುವಿನಲ್ಲಿ ಬಯ್ದರು, ನಡುವೆ ಅತ್ತರು.

ಮೇಡಂ ಸರಿಯಾಗಿ ನಾನು ಖಾಲಿ ಬಿಟ್ಟ ಜಾಗಕ್ಕೇ ಪೆನ್ಸಿಲಿನಿಂದ ಸುತ್ತು ಹಾಕಿ ನನ್ನನ್ನು ಕರೆದರು. “ಇಲ್ಲಿ ಏನೋ ಬಿಟ್ಟಿದ್ದೀ.”

“ಹೌದು ಮೇಡಂ. ಉಂಟು. ಆದರೆ ಅದು ನನ್ನದಲ್ಲ.”

ಅವರು ನನ್ನ ಮುಖ ನೋಡಿದರು. “ಹಾಗಾದರೆ ಇರಲಿ,” ಎಂದು ಸುತ್ತು ಅಳಿಸಿದರು.

ಆ ಮಾತನ್ನು ಇಲ್ಲಿಯೂ ನಾನು ಬರೆಯುವುದಿಲ್ಲ. ಅದಿಲ್ಲದೆ ಪ್ರಬಂಧ ನಿಲ್ಲುತ್ತದೆಯೇ ಎಂಬುದು ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಆಗಾಗ ತೆಗೆದು ಓದುತ್ತೇನೆ, ಆ ಖಾಲಿ ಜಾಗಕ್ಕೆ ಬಂದಾಗ ಎದ್ದು ಓಡಾಡುತ್ತೇನೆ.